‘ಅನ್‌ಕ್ಲೇಮ್ಡ್’ ಎಂದರೆ ವಾರಸುದಾರರೇ ಇಲ್ಲವೆಂದೇ?

ಹುಳಿಯಾರಿನ ರೈತರೊಬ್ಬರು ಕೊಬ್ಬರಿ ಮಾರಿದ ಹಣವನ್ನು ಬ್ಯಾಂಕಿನಲ್ಲಿಟ್ಟು, ಮನೆಯವರಿಗೆ ಹೇಳದೆಯೇ ತೀರಿಕೊಂಡರು ಎಂದುಕೊಳ್ಳಿ. ಆ ಉಳಿತಾಯ ಖಾತೆಯಲ್ಲಿ 10 ವರ್ಷ ವಹಿವಾಟು ನಡೆಯದಿದ್ದರೆ ಬ್ಯಾಂಕು ಅದನ್ನು ‘ಅನ್‌ಕ್ಲೇಮ್ಡ್’ ಎನ್ನುತ್ತದೆ. ಸುದ್ದಿಗಳಲ್ಲಿ ಇದು ‘ವಾರಸುದಾರರಿಲ್ಲದ ಹಣ’ ಆಗುವುದುಂಟು. ಆದರೆ ಪದದ ಅರ್ಥ ‘ಯಾರೂ ಕೇಳಿ ಪಡೆಯದ’ ಎಂದಷ್ಟೇ. ವಾರಸುದಾರರು ಇರಬಹುದು, ಅವರಿಗೆ ಗೊತ್ತಿಲ್ಲದಿರಬಹುದು.

ಹಣ ಮುಳುಗಿತು ಎಂಬುದೂ ತಪ್ಪು. ಅದು 2014ರಲ್ಲಿ ರಿಸರ್ವ್ ಬ್ಯಾಂಕ್ ಸ್ಥಾಪಿಸಿದ ಠೇವಣಿದಾರರ ಶಿಕ್ಷಣ ಮತ್ತು ಜಾಗೃತಿ ನಿಧಿಗೆ ಹೋಗುತ್ತದೆ. ಆಮೇಲೂ ಹಕ್ಕು ಕೇಳಬಹುದು. 2023ರಲ್ಲಿ ಶುರುವಾದ ‘ಉದ್ಗಮ್’ ಜಾಲತಾಣದಲ್ಲಿ ಹಲವು ಬ್ಯಾಂಕುಗಳ ಇಂಥ ಠೇವಣಿಗಳನ್ನು ಒಂದೇ ಕಡೆ ಹುಡುಕಬಹುದು. ಹೆಸರು ಸಿಕ್ಕರೆ ಮರಣ ಪ್ರಮಾಣಪತ್ರ, ಗುರುತಿನ ದಾಖಲೆಗಳೊಂದಿಗೆ ಆ ಬ್ಯಾಂಕಿಗೇ ಹೋಗಬೇಕು.

ಅಪ್ಪನ ಹಳೇ ಪಾಸ್‌ಬುಕ್ ಎಸೆಯುವ ಮುನ್ನ ಒಮ್ಮೆ ತೆರೆದು ನೋಡಿ.