ಏಳು ಹೆಜ್ಜೆ ಸಾಲದು, ಏಳು ವರ್ಷ ಬೇಕು

ಮದುವೆಯಾಗಿ ಬಂದ ಹೆಣ್ಣುಮಗಳು ಅಕ್ಕಿ ಸೇರು ಒದ್ದು ಹೊಸ್ತಿಲು ದಾಟಿದಳೆಂದರೆ ಮುಗೀತು, ಆಕೆ ಆ ಊರಿನವಳೇ. ಕಾನೂನಿಗೆ ಅಷ್ಟು ಸಾಲದು. ಭಾರತೀಯರನ್ನು ಮದುವೆಯಾದ ವಿದೇಶಿಯರಿಗೆ ಪೌರತ್ವ ಕೊಡುವಾಗ ಅದು ಮುಖ್ಯವಾಗಿ ನೋಡೋದು ಒಂದೇ ಲೆಕ್ಕ: ಭಾರತದ ನೆಲದ ಮೇಲೆ ಎಷ್ಟು ದಿನ ಇದ್ದೀರಿ? ಈ ಲೆಕ್ಕ ಸರಿಯಿಲ್ಲ ಅಂತ ನನ್ನ ವಾದ.

ಮೊದಲೇ ಹೇಳಿಬಿಡ್ತೀನಿ, ಇದರಲ್ಲಿ ನನ್ನ ಸ್ವಾರ್ಥವೂ ಇದೆ :) ನಾನು ಶಿರಹಟ್ಟಿ ಹತ್ತಿರದ ಬೆಳ್ಳಟ್ಟಿಯವನು. ಈಗ ಜರ್ಮನಿಯಲ್ಲಿ ಕೋಡ್ ಬರೆದು ಹೊಟ್ಟೆ ಹೊರೀತಿದೀನಿ. ಹೆಂಡತಿ ಇಲ್ಲಿಯವಳೇ. ಫೋನ್ ಮಾಡಿದಾಗಲೆಲ್ಲ ಅವ್ವ ಕೇಳ್ತಾಳೆ, "ಅಕಿ ನಮ್ಮ ದೇಶದಾಕಿ ಯಾವಾಗ ಆಗತಾಳೋ ತಮ್ಮಾ?" ಅವ್ವನಿಗೆ ಕಲಂ 5(1)(ಸಿ) ಅಂದ್ರೆ ಏನು ತಿಳಿದೀತು? ನಿಮಗೇ ಹೇಳ್ತೀನಿ.

1955ರ ಪೌರತ್ವ ಕಾಯ್ದೆ ಬಂದಾಗ, ಭಾರತೀಯನನ್ನು ಮದುವೆಯಾದ ಹೆಣ್ಣು ನೋಂದಣಿ ಮೂಲಕ ಪೌರಳಾಗಬಹುದಿತ್ತು. ಇಷ್ಟು ವರ್ಷ ಇಲ್ಲೇ ವಾಸವಿರಬೇಕು ಅನ್ನೋ ಷರತ್ತು ಆ ಕಲಮಿನಲ್ಲಿ ಇರಲಿಲ್ಲ. ಆದರೆ ಭಾರತೀಯಳನ್ನು ಮದುವೆಯಾದ ಗಂಡಸಿಗೆ ಆ ದಾರಿಯೇ ಇರಲಿಲ್ಲ. 1986ರ ತಿದ್ದುಪಡಿ ಇಬ್ಬರನ್ನೂ ಸಮ ಮಾಡಿತು, ಜೊತೆಗೆ 5 ವರ್ಷ ವಾಸದ ಷರತ್ತನ್ನೂ ಹಾಕಿತು. 2003ರ ತಿದ್ದುಪಡಿ ಅದನ್ನು 7 ವರ್ಷಕ್ಕೆ ಏರಿಸಿತು. ಅಂದರೆ ಅರ್ಜಿಗೆ ಮುಂಚಿನ 12 ತಿಂಗಳು, ಅದರ ಹಿಂದಿನ 8 ವರ್ಷಗಳಲ್ಲಿ ಒಟ್ಟು 6 ವರ್ಷ ಭಾರತದಲ್ಲಿ ಇದ್ದಿರಬೇಕು. ಹೊರಗೆ ಸಂಸಾರ ಮಾಡಿದ ವರ್ಷಗಳು ಈ ಏಳರ ಲೆಕ್ಕಕ್ಕೆ ಬರೋದಿಲ್ಲ.

ಓಸಿಐ ಕಾರ್ಡ್ ಇದೆಯಲ್ಲ ಅಂತೀರಾ? ಇದೆ. ಮದುವೆ ನೋಂದಣಿಯಾಗಿ 2 ವರ್ಷ ಕಳೆದರೆ ಅರ್ಜಿ ಹಾಕಬಹುದು. ವೀಸಾದ ರಗಳೆ ತಪ್ಪುತ್ತೆ, ನಿಜ. ಆದರೆ ಅದು ಪೌರತ್ವವಲ್ಲ. ಓಟು ಹಾಕುವಂತಿಲ್ಲ, ಹೊಲ ಕೊಳ್ಳುವಂತಿಲ್ಲ. ಮದುವೆ ಮುರಿದರೆ ಮದುವೆಯಿಂದ ಬಂದ ಕಾರ್ಡನ್ನೂ ಸರ್ಕಾರ ರದ್ದು ಮಾಡಬಹುದು.

ಈಗ ಉಲ್ಟಾ ನೋಡಿ. ಜರ್ಮನ್ ಪ್ರಜೆಯನ್ನು ಮದುವೆಯಾದ ನಾನು ಇಲ್ಲಿ 3 ವರ್ಷ ಇದ್ದು, ಮದುವೆಗೆ 2 ವರ್ಷ ತುಂಬಿ, ಭಾಷೆ ಕಲಿತರೆ ಇಲ್ಲಿನ ಪೌರತ್ವ ಕೇಳಬಹುದು. 2024ರ ಜೂನ್‌ನಿಂದ ಹಳೇ ಪೌರತ್ವ ಬಿಡಿ ಅಂತ ಜರ್ಮನಿ ಕೇಳೋದಿಲ್ಲ. ಆದರೆ ಅದನ್ನು ಪಡೆದ ದಿನವೇ ನಮ್ಮ ಕಾಯ್ದೆಯ ಕಲಂ 9ರ ಪ್ರಕಾರ ನನ್ನ ಭಾರತೀಯ ಪೌರತ್ವ ಹೋಗುತ್ತೆ. ಹೊರಗಿರುವಷ್ಟು ಕಾಲ ಇಬ್ಬರೂ ಒಂದೇ ಪಾಸ್‌ಪೋರ್ಟ್ ಹಿಡೀಬೇಕಂದ್ರೆ ಉಳಿದಿರೋ ದಾರಿ ಒಂದೇ, ನಾನು ಭಾರತ ಬಿಡೋದು! ಸೊಸೆಯನ್ನು ಒಳಗೆ ಕರೆಯದ ಕಾನೂನು ಮಗನನ್ನೂ ಹೊರಗೆ ಕಳಿಸುತ್ತೆ.

ಷರತ್ತೇ ಬೇಡ ಅಂತ ನಾನು ಹೇಳ್ತಿಲ್ಲ. ಪಾಸ್‌ಪೋರ್ಟಿಗಾಗಿ ಸುಳ್ಳು ಮದುವೆ ಮಾಡಿಕೊಳ್ಳೋರು ಎಲ್ಲಾ ದೇಶದಲ್ಲೂ ಇದ್ದಾರೆ, ಸರ್ಕಾರ ಪರೀಕ್ಷೆ ಮಾಡಲೇಬೇಕು. ಪ್ರಶ್ನೆ ಯಾವ ಪರೀಕ್ಷೆ ಅನ್ನೋದು. ಫ್ರಾನ್ಸಿನವರು ಹೊರದೇಶದಲ್ಲಿರುವ ತಮ್ಮವರ ಗಂಡ-ಹೆಂಡತಿಗೂ ದಾರಿ ಇಟ್ಟಿದ್ದಾರೆ. ಮದುವೆಯಾಗಿ 4 ವರ್ಷ, ಕೆಲವೊಮ್ಮೆ 5 ವರ್ಷ ಒಟ್ಟಿಗೆ ಬಾಳಿರಬೇಕು, ಫ್ರೆಂಚ್ ಬರಬೇಕು.

ತಮಾಷೆ ಏನು ಗೊತ್ತಾ? ಭಾಷೆಯ ಅಳತೆ ನಮ್ಮ ಕಾಯ್ದೆಯಲ್ಲೂ ಇದೆ, ಆದರೆ ಬೇರೆ ಕಡೆ. ಮದುವೆಯ ಸಂಬಂಧವಿಲ್ಲದೆ, ದೀರ್ಘಕಾಲ ನೆಲೆಸಿ ಪೌರತ್ವ ಕೇಳೋರಿಗೆ ಎಂಟನೇ ಅನುಸೂಚಿಯ ಒಂದು ಭಾಷೆ ಬರಬೇಕು. ಕನ್ನಡವೂ ಆ ಪಟ್ಟಿಯಲ್ಲಿದೆ. ಮದುವೆಯ ದಾರಿಯಲ್ಲಿ ಬರೋರಿಗೆ ಮಾತ್ರ ಭಾಷೆಯನ್ನು ಕೇಳೋದೇ ಇಲ್ಲ. ಏಳು ವರ್ಷ ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಇಂಗ್ಲಿಷಿನಲ್ಲೇ ಕಾಲ ಕಳೆದವರು ಅರ್ಹರು. ಹೊರಗಿದ್ದೇ ಅತ್ತೆಯ ಜೊತೆ "ಊಟ ಆತೇನ್ರೀ?" ಅಂತ ಮಾತಾಡೋದು ಕಲಿತವಳು ಅಲ್ಲ.

ಹೊರಗಿರುವ ದಂಪತಿಗಳಿಗೆ ಇನ್ನೊಂದು ದಾರಿ ಇರಲಿ. ಮದುವೆಗೆ ಬೇಕಾದರೆ 8 ವರ್ಷ ತುಂಬಿರಲಿ, ರಾಯಭಾರ ಕಚೇರಿಯಲ್ಲಿ ಕೂರಿಸಿ ನಮ್ಮದೊಂದು ಭಾಷೆಯ ಪರೀಕ್ಷೆ ಮಾಡಲಿ. ಆಮೇಲೆ ಆಕೆ ತನ್ನ ಹಳೇ ಪಾಸ್‌ಪೋರ್ಟ್ ಬಿಡ್ತಾಳೋ ಇಲ್ಲವೋ ಅನ್ನೋದು ಆಕೆಯ ತೀರ್ಮಾನ. ಕೇಳೋ ಅವಕಾಶವನ್ನಾದರೂ ಕೊಡಬೇಕಲ್ಲವಾ?

ಹೊರಗೆ ಸಂಸಾರ ಹೂಡಿರೋ ಗೆಳೆಯರೇ, ನಿಮ್ಮ ಮನೆಯಲ್ಲಿ ಯಾರು ಯಾವ ಪಾಸ್‌ಪೋರ್ಟ್ ಬಿಟ್ಟರು? ನೀವೇನಂತೀರಿ?