ಚೋಮನಿಗೆ ಗದ್ದೆ ಸಿಕ್ಕಿತೇ ಎಂದು ಕೇಳಿದವರಿಗೆ

ಕಳೆದ ನವೆಂಬರಿನ ಗ್ರಂಥಾಲಯ ಸಪ್ತಾಹಕ್ಕೆ ನಮ್ಮ ಪಂಚಾಯಿತಿ ಗ್ರಂಥಾಲಯದವರು ನನ್ನನ್ನು ಮಾತಿಗೆ ಕರೆದಿದ್ದರು. ದುಡಿಮೆ, ಹಕ್ಕು, ದೇವರು ಈ ಮೂರರ ಬಗ್ಗೆ ನಾವು ಇವತ್ತು ಆಡುವ ಮಾತಿನಲ್ಲಿ ಬಹುಪಾಲು ಯಾರೋ ಬರೆದ ಪುಸ್ತಕಗಳಿಂದ ಇಳಿದು ಬಂದದ್ದು, ಆ ಪುಸ್ತಕಗಳನ್ನು ನಾವು ಮುಟ್ಟಿ ನೋಡಿರದಿದ್ದರೂ ಸರಿಯೇ ಎಂದೆ. ಉದಾಹರಣೆಗೆ ಶಿವರಾಮ ಕಾರಂತರ 'ಚೋಮನ ದುಡಿ' ಕಾದಂಬರಿಯನ್ನು ಎತ್ತಿಕೊಂಡೆ. ಚಪ್ಪಾಳೆ ಬಿತ್ತು. ಚಹಾದ ಹೊತ್ತಿಗೆ ತಕರಾರೂ ಬಂತು. ಅಲ್ಲಿ ನಿಂತ ಕಾಲಲ್ಲಿ ಹೇಳಿದ್ದು ಯಾರಿಗೂ ಸಮಾಧಾನವಾಗಲಿಲ್ಲ, ನನಗಂತೂ ಆಗಲೇ ಇಲ್ಲ. ಅದಕ್ಕೇ ಈ ಬರಹ.

ಮೊದಲು ಬೀಡಿ ಯೂನಿಯನ್ನಿನ ನನ್ನ ಹಳೆಯ ಗೆಳೆಯನ ಮಾತು. ಅವನದ್ದು ಎಲ್ಲರಿಗಿಂತ ಗಟ್ಟಿಯಾದ ಆಕ್ಷೇಪ. "ಮಾರಾಯ, ಚೋಮನ ದುಡಿ ಬಂದದ್ದು 1933ರಲ್ಲಿ. ಭೂಸುಧಾರಣೆ ಜಾರಿಗೆ ಬಂದದ್ದು 1974ರ ಮಾರ್ಚಿನಲ್ಲಿ. ನಡುವೆ ನಲವತ್ತೊಂದು ವರ್ಷ. ಅಷ್ಟು ವರ್ಷ ನಿನ್ನ ಕಾದಂಬರಿ ಏನು ಮಾಡುತ್ತಿತ್ತು? ಗೇಣಿದಾರನಿಗೆ ಗದ್ದೆ ಕೊಟ್ಟದ್ದು ಡಿಕ್ಲರೇಷನ್ ಅರ್ಜಿ. ಅರ್ಜಿ ಕೊಡಿಸಿದ್ದು ಸಂಘ. ಪುಸ್ತಕ ಓದಿ ಯಾವ ಧಣಿಯೂ ಗದ್ದೆ ಬಿಟ್ಟುಕೊಟ್ಟದ್ದನ್ನು ನಾನು ಕಂಡಿಲ್ಲ."

ನಾನೂ ಕಂಡಿಲ್ಲ. ಗೆಳೆಯ ಹೇಳದೆ ಬಿಟ್ಟದ್ದನ್ನೂ ನಾನೇ ಸೇರಿಸುತ್ತೇನೆ. ಚೋಮ 1974ರವರೆಗೆ ಬದುಕಿದ್ದರೂ ಅವನಿಗೆ ಡಿಕ್ಲರೇಷನ್ ಕೊಡಲು ಬರುತ್ತಿರಲಿಲ್ಲ. ಅವನು ಗೇಣಿದಾರನಲ್ಲ, ಧಣಿಯ ಗದ್ದೆಯ ಆಳು. ದೇವರಾಜ ಅರಸರ ಕಾಲದ ಕಾನೂನು ಉಳುವ ಒಕ್ಕಲಿಗೆ ಭೂಮಿ ಬರೆದುಕೊಟ್ಟಿತು. ಒಕ್ಕಲಿನ ಕೈಕೆಳಗೆ, ಧಣಿಯ ಅಂಗಳದಾಚೆ ನಿಂತು ದುಡಿದವನ ಕೈಗೆ ಬಂದದ್ದು ಬಹಳ ಕಡಿಮೆ. ನಮ್ಮ ಜಿಲ್ಲೆಯಲ್ಲಿ ಆ ಕಾನೂನಿನಿಂದ ಮೇಲೆ ಬಂದ ಮನೆಗಳನ್ನು ಎಣಿಸಿ, ಆಮೇಲೆ ಚೋಮನ ಕೇರಿಗೆ ಹೋಗಿ ನೋಡಿ. ಇದನ್ನು ನಾನು ಮೊದಲು ಕಂಡದ್ದು ಎಲ್ಲಿ ಎಂದು ಕೇಳಿಕೊಂಡರೆ, ಯೂನಿಯನ್ನಿನ ಕರಪತ್ರದಲ್ಲಿ ಅಲ್ಲ, ಅದೇ ಕಾದಂಬರಿಯಲ್ಲಿ. ಕರಪತ್ರಗಳು ಉಳುವವನ ಬಗ್ಗೆ ಮಾತಾಡುತ್ತಿದ್ದವು. ಉಳುವ ಆಸೆ ಇದ್ದೂ ನೇಗಿಲು ಹಿಡಿಯುವ ಹಕ್ಕೇ ಇಲ್ಲದವನೊಬ್ಬ ಇದ್ದಾನೆ, ಅವನಿಗೂ ಎರಡು ಎತ್ತುಗಳಿವೆ, ಅವನ್ನು ಮಾರಲು ಅವನು ಒಪ್ಪುವುದಿಲ್ಲ ಎಂಬುದನ್ನು ಕಾರಂತರು ಬರೆದರು.

ಆ ಪುಸ್ತಕದಲ್ಲಿ ನನ್ನನ್ನು ಇಂದಿಗೂ ಕಾಡುವುದು ಚೋಮನ ಕೊನೆಯಲ್ಲ. ಧಣಿ ಸಂಕಪ್ಪಯ್ಯ ಕೆಟ್ಟವನಲ್ಲ ಎನ್ನುವುದು. ಗದ್ದೆ ಕೊಡೋಣವೇ ಎಂದು ಅವನ ಮನಸ್ಸು ಒಮ್ಮೆ ವಾಲುತ್ತದೆ. ತಡೆಯುವವಳು ಒಳಗೆ ಕುಳಿತ ವಯಸ್ಸಾದ ತಾಯಿ. ಅವಳ ಬಳಿ ಇರುವ ಆಯುಧ ಹಿಂದಿನಿಂದ ನಡೆದುಕೊಂಡು ಬಂದದ್ದು ಎಂಬ ಒಂದೇ ಮಾತು. ಅತ್ತ ಚೋಮನ ಮಕ್ಕಳು ಕಾಫಿ ತೋಟದ ಸಾಲ ತೀರಿಸಲು ಹೋಗುತ್ತಾರೆ, ಒಬ್ಬೊಬ್ಬರಾಗಿ ಅವನ ಕೈತಪ್ಪಿ ಹೋಗುತ್ತಾರೆ. ಪಾದ್ರಿಯ ಕಡೆ ಹೋದರೆ ಭೂಮಿ ಸಿಗುತ್ತದೆಂದು ಚೋಮ ಹೊರಡುತ್ತಾನೆ; ದಾರಿಯಲ್ಲಿ ತನ್ನ ಭೂತದ ನೆನಪು ಕಾಲು ಕಟ್ಟುತ್ತದೆ, ಹಿಂತಿರುಗುತ್ತಾನೆ. ದುಡಿಮೆ, ಹಕ್ಕು, ನಂಬಿಕೆ ಮೂರೂ ಒಬ್ಬ ಮನುಷ್ಯನ ಮೈಮೇಲೆ ಒಟ್ಟಿಗೆ ಹೇಗೆ ಬೀಳುತ್ತವೆ ಎಂಬುದನ್ನು ಇಷ್ಟು ಸಣ್ಣ ಪುಸ್ತಕದಲ್ಲಿ ತೋರಿಸಿದ್ದನ್ನು ನಾನು ಬೇರೆಲ್ಲೂ ಓದಿಲ್ಲ. ಓದುವ ಮೊದಲು ಅಂಥ ಮನೆಯನ್ನು ಕಂಡಿದ್ದೆ. ಆಗ ನನಗೆ ಅದು ಅವರ ಹಣೆಬರಹವಾಗಿ ಕಂಡಿತ್ತು. ಓದಿದ ಮೇಲೆ ಹಾಗೆ ಕಾಣುವುದು ನಿಂತಿತು. ಪುಸ್ತಕದ ಕೆಲಸ ಇಷ್ಟೇ, ಗೆಳೆಯಾ. ಹಣೆಬರಹ ಎಂದು ಬಿಟ್ಟದ್ದನ್ನು ಅನ್ಯಾಯ ಎಂದು ಗುರುತಿಸುವ ಕಣ್ಣು ಬಂದ ಮೇಲೆ ತಾನೇ ಅರ್ಜಿ ಬರೆಯಲು ಕೈ ಬರುವುದು?

ಇನ್ನೊಂದನ್ನು ನೀನು ಮರೆತೆ. ಪ್ರತಿ ವರ್ಷ ನೀನು ಕಯ್ಯೂರಿನ ಹುತಾತ್ಮರ ಹೆಸರೆತ್ತಿ ಭಾಷಣ ಮಾಡುತ್ತೀ. 1943ರ ಮಾರ್ಚ್ 29ರಂದು ಗಲ್ಲಿಗೇರಿದ ಆ ನಾಲ್ವರು ಆಗಿನ ದಕ್ಷಿಣ ಕನ್ನಡ ಜಿಲ್ಲೆಯವರೇ. ಅವರು ನಿನಗೆ ಗೊತ್ತಾದದ್ದು ಹೇಗೆ? ನಿರಂಜನರ 'ಚಿರಸ್ಮರಣೆ'ಯ ಬೈಂಡು ಕಿತ್ತ ಪ್ರತಿಯನ್ನು ನನ್ನಿಂದ ಒಯ್ದು ವಾಪಸು ಕೊಡದವನು ನೀನೇ. ಜೀವ ಕೊಟ್ಟವರು ರೈತರು, ಕಾದಂಬರಿಕಾರ ಅಲ್ಲ, ಒಪ್ಪಿದೆ. ಆದರೆ ಆ ಜೀವದ ಲೆಕ್ಕವನ್ನು ನಮ್ಮ ಭಾಷೆಯಲ್ಲಿ ಇಟ್ಟವನು ಕಾದಂಬರಿಕಾರ.

ಎರಡನೆಯದು ನಿವೃತ್ತ ಮಾಷ್ಟ್ರ ಲೆಕ್ಕ. ಕನ್ನಡದಲ್ಲಿ ಒಂದು ಪುಸ್ತಕ ಅಚ್ಚಾದರೆ ಸಾವಿರ ಪ್ರತಿ, ಅದರಲ್ಲೂ ಅರ್ಧ ಗೋದಾಮಿನಲ್ಲಿ. ಓದುವವರು ಬೆರಳೆಣಿಕೆ, ಅವರೂ ಹೊಟ್ಟೆ ತುಂಬಿದವರು. ಇದರಿಂದ ಸಮಾಜದ ಯೋಚನೆ ಹೇಗೆ ಬದಲಾಗುತ್ತದೆ ಎಂದು ಅವರ ಪ್ರಶ್ನೆ. ಮಾಷ್ಟ್ರೇ, ಲೆಕ್ಕ ಸರಿ, ಅಳತೆಗೋಲು ಸರಿಯಿಲ್ಲ. ಕುಮಾರವ್ಯಾಸನನ್ನು ಎಷ್ಟು ಜನ ಓದಿದರು? ಕೇಳಿದವರು ಎಷ್ಟು? ಅಕ್ಷರ ಬಾರದ ಅಜ್ಜಿಯರು ಕರ್ಣನ ಪಕ್ಷ ವಹಿಸಿ ಜಗಳವಾಡುತ್ತಿದ್ದದ್ದು ಗಮಕ ಕೇಳಿ, ಆಟ ನೋಡಿ. ಪುಸ್ತಕ ನಮ್ಮಲ್ಲಿ ಯಾವಾಗಲೂ ಒಬ್ಬನ ಕೈಯಲ್ಲಿದ್ದು ಹತ್ತು ಜನರ ಕಿವಿಗೆ ಹೋಗಿದೆ.

ಬೀಡಿಯ ವಿಷಯವನ್ನೇ ತೆಗೆದುಕೊಳ್ಳಿ, ಯೂನಿಯನ್ ಗೆಳೆಯನೂ ಕೇಳಲಿ. ಕಣ್ಣೂರಿನ ಬೀಡಿ ಶೆಡ್ಡುಗಳಲ್ಲಿ ಒಬ್ಬನನ್ನು ಓದಲು ಕೂರಿಸುತ್ತಿದ್ದರು. ಅವನು ಪತ್ರಿಕೆ, ಕಾದಂಬರಿ ಗಟ್ಟಿಯಾಗಿ ಓದಬೇಕು; ಅವನು ಕಟ್ಟಬೇಕಾದ ಬೀಡಿಯನ್ನು ಉಳಿದವರು ಹಂಚಿಕೊಂಡು ಕಟ್ಟಿಕೊಡುತ್ತಿದ್ದರು. ಹೊಟ್ಟೆಗೆ ಸಾಲದ ಕೂಲಿಯಲ್ಲಿ ಓದಿಗೂ ಒಂದು ಪಾಲು ತೆಗೆದಿಟ್ಟ ಜನ ಅವರು. ಬೀಡಿ ಕಾರ್ಮಿಕರ 1966ರ ಕಾನೂನನ್ನು ಜಾರಿ ಮಾಡಬೇಕಾಗಿ ಬಂದಾಗ ಕಂಪನಿಗಳು ಅಲ್ಲಿ ಶೆಡ್ಡು ಮುಚ್ಚಿದವು, ಕಾರ್ಮಿಕರು 1969ರಲ್ಲಿ ದಿನೇಶ್ ಬೀಡಿ ಸಹಕಾರ ಸಂಘ ಕಟ್ಟಿಕೊಂಡರು. ನಮ್ಮ ಕಡೆ? ಇಲ್ಲಿ ಬೀಡಿ ಮನೆಮನೆಯ ಜಗಲಿಗೆ ಹೋಯಿತು. ಹೆಂಗಸರು ಬ್ರಾಂಚಿನಿಂದ ಎಲೆ, ಹೊಗೆಸೊಪ್ಪು ತಂದು ಒಬ್ಬೊಬ್ಬರೇ ಕೂತು ಕಟ್ಟಿದರು. ಒಟ್ಟಿಗೆ ಕೂತು ಕೇಳುವ ಜಾಗವೇ ಇರಲಿಲ್ಲ. ಕಣ್ಣೂರಿಗೂ ನಮಗೂ ಇರುವ ವ್ಯತ್ಯಾಸಕ್ಕೆ ಬೇರೆ ಕಾರಣಗಳೂ ಇವೆ ಎಂದು ಗೊತ್ತು. ಆದರೂ ಓದುವವನಿಗೆ ಕೂಲಿ ಹಂಚಿ ಕೊಟ್ಟ ಆ ಶೆಡ್ಡು ನೆನಪಾದಾಗಲೆಲ್ಲ ನನಗೆ ಸಣ್ಣ ಹೊಟ್ಟೆಕಿಚ್ಚಾಗುತ್ತದೆ.

ಓದುವವರು ಹೊಟ್ಟೆ ತುಂಬಿದವರು ಎಂಬ ಮಾತಿಗೆ ಮಾತ್ರ ನಾನು ತಲೆಬಾಗಬೇಕು. 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಮಂತ್ರಿ ಬಿ. ಬಸವಲಿಂಗಪ್ಪ ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಎಂದದ್ದು ಇದನ್ನೇ. ಅವರು ಮಂತ್ರಿ ಪದವಿ ಕಳೆದುಕೊಂಡರು, ಬೀದಿಯಲ್ಲಿ ದಲಿತ ಹುಡುಗರಿಗೆ ಪೆಟ್ಟು ಬಿತ್ತು. ಆದರೆ ಆಮೇಲೆ ಆದದ್ದನ್ನು ನೋಡಿ. ಪೆಟ್ಟು ತಿಂದ ಹುಡುಗರು ಪುಸ್ತಕ ಬಿಸಾಡಲಿಲ್ಲ, ತಾವೇ ಬರೆದರು. 1975ರಲ್ಲಿ ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಬಂತು. ದಲಿತ ಸಂಘರ್ಷ ಸಮಿತಿಯ ಜಾಥಾಗಳಲ್ಲಿ ಆ ಪದ್ಯಗಳನ್ನು ತಮಟೆಯ ಜೊತೆ ಹಾಡಿದವರಲ್ಲಿ ಎಷ್ಟೋ ಮಂದಿ ಆ ಪುಸ್ತಕವನ್ನು ಕಣ್ಣಿಂದ ಕಂಡಿರಲಿಕ್ಕಿಲ್ಲ. ಮಾಷ್ಟ್ರ ಸಾವಿರ ಪ್ರತಿಯ ಲೆಕ್ಕದಲ್ಲಿ ಅವರು ಯಾರೂ ಬರುವುದಿಲ್ಲ. ಅಂದಹಾಗೆ, ಪುಸ್ತಕಗಳಿಂದ ಏನೂ ಆಗದು ಎನ್ನುವುದು ನಿಜವಾಗಿದ್ದರೆ, ಪುಸ್ತಕಗಳ ಬಗ್ಗೆ ಆಡಿದ ಒಂದು ಪದಕ್ಕೆ ಒಬ್ಬ ಮಂತ್ರಿ ಯಾಕೆ ಮನೆಗೆ ಹೋಗಬೇಕಿತ್ತು?

ಮೂರನೆಯವರು ನಮ್ಮ ಭಾವ, ದೇವಸ್ಥಾನದ ಜೀರ್ಣೋದ್ಧಾರ ಸಮಿತಿಯವರು. ಅವರ ಮಾತಿನಲ್ಲಿ ಸಿಟ್ಟಿಗಿಂತ ನೋವು ಹೆಚ್ಚಿತ್ತು. "ಓದಿದವರೆಲ್ಲ ದೇವರನ್ನು ಬಿಟ್ಟರು. ನಂಬಿಕೆ ಕೆಡಿಸುವುದೇ ಪುಸ್ತಕದ ಕೆಲಸ." ಭಾವ, ನಾನು ಹೇಳಬೇಕೆಂದಿರುವುದು ನಾಸ್ತಿಕನೊಬ್ಬನ ಕತೆಯಲ್ಲ. ವಿಜಯಪುರದಲ್ಲಿ ಫ.ಗು. ಹಳಕಟ್ಟಿ ಎಂಬ ವಕೀಲರಿದ್ದರು. ವಿಭೂತಿ ಹಚ್ಚಿದ, ನೇಮ ತಪ್ಪದ ಭಕ್ತರು. ಊರೂರು ಅಲೆದು ಮಠಗಳ ಅಟ್ಟದ ಮೇಲೆ ಗೆದ್ದಲು ಹಿಡಿಯುತ್ತಿದ್ದ ತಾಳೆಗರಿಗಳನ್ನು ಕೂಡಿಹಾಕಿದರು. 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗ ತಂದರು, ಮನೆ ಮಾರಿ ಅಚ್ಚಿನ ಯಂತ್ರ ಕೊಂಡರು, 1926ರಿಂದ 'ಶಿವಾನುಭವ' ಪತ್ರಿಕೆ ನಡೆಸಿದರು. ಅವರು ನಂಬಿಕೆ ಕೆಡಿಸಿದರೇ? ಅಟ್ಟದಲ್ಲಿ ಕಟ್ಟಿಟ್ಟು ಪೂಜಿಸುತ್ತಿದ್ದ ಕಟ್ಟುಗಳನ್ನು ಓದುವ ಹಾಗೆ ಮಾಡಿದರು, ಅಷ್ಟೇ. ಓದಿದಾಗ ಸಿಕ್ಕವರು ಯಾರು? ದೋಣಿ ನಡೆಸುವ ಚೌಡಯ್ಯ, ಚಪ್ಪಲಿ ಹೊಲಿಯುವ ಹರಳಯ್ಯ, ಗಂಡ ಹೆಚ್ಚು ಅಕ್ಕಿ ಆಯ್ದು ತಂದಾಗ ಹೆಚ್ಚಿನದನ್ನು ವಾಪಸು ಸುರಿದು ಬಾ ಎಂದು ಕಳಿಸಿದ ಆಯ್ದಕ್ಕಿ ಲಕ್ಕಮ್ಮ. ಇಂದು ಸರ್ಕಾರಿ ಕಚೇರಿಯ ಗೋಡೆಯಿಂದ ಮದುವೆ ಮನೆಯ ಭಾಷಣದವರೆಗೆ ಎಲ್ಲರ ಬಾಯಲ್ಲಿರುವ 'ಕಾಯಕ' ಎಂಬ ಪದ ಇಷ್ಟು ಹಬ್ಬುವುದಕ್ಕೆ ಆ ವಕೀಲರ ಮಾರಿದ ಮನೆಯೇ ಬಂಡವಾಳ. ಭಾವನವರ ಸಮಿತಿಯ ಶ್ರಮದಾನದ ಫಲಕದ ಮೇಲೂ ಅದೇ ಪದವಿದೆ.

ಮದುವೆ ಮನೆ ಎಂದಾಗ ಇನ್ನೊಂದು ನೆನಪಾಯಿತು. ಕುವೆಂಪು ಅವರ 'ಮಂತ್ರ ಮಾಂಗಲ್ಯ' ಕೈಯಲ್ಲಿ ಮಡಚಿಡಬಹುದಾದಷ್ಟು ತೆಳ್ಳಗಿನ ಪುಸ್ತಕ. ಪುರೋಹಿತರಿಲ್ಲ, ಮುಹೂರ್ತವಿಲ್ಲ, ಹುಡುಗ ಹುಡುಗಿ ಹಿರಿಯರೆದುರು ತಮಗೆ ಅರ್ಥವಾಗುವ ಕನ್ನಡದಲ್ಲಿ ಪ್ರಮಾಣ ಮಾಡಬೇಕು. 1966ರಲ್ಲಿ ಅವರ ಮಗ ತೇಜಸ್ವಿಯವರ ಮದುವೆಯೇ ಹಾಗೆ ಆಯಿತು. ಎಂಬತ್ತರ ದಶಕದಲ್ಲಿ ರೈತಸಂಘ ಸರಳ ಮದುವೆಗಳನ್ನು ಹಳ್ಳಿಗಳಿಗೆ ಒಯ್ದಿತು. ಮದುವೆಗಾಗಿ ಹೊಲ ಅಡವಿಡುವ ಊರುಗಳಲ್ಲಿ ಇದು ಸಣ್ಣ ಮಾತಲ್ಲ. ಆ ಮದುವೆಗಳಲ್ಲಿ ದೇವರಿಗೆ ನಷ್ಟವಾದದ್ದು ನನಗೆ ಕಾಣಲಿಲ್ಲ, ಛತ್ರದವರಿಗೆ ಆಗಿರಬಹುದು.

ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಬಗ್ಗೆಯೂ ಭಾವ ಕೇಳಿದ್ದರು, ಅದು ಬೇರೆಯವರ ಧರ್ಮದ ವಿಷಯ ಎಂಬ ನೆಮ್ಮದಿಯಲ್ಲಿ. ಲಂಕೇಶ್ ಪತ್ರಿಕೆಯಲ್ಲಿ ಮೊದಲು ಬಂದ ಆ ಕತೆಯ ನಾದಿರಾ ಗಂಡನನ್ನು ಪ್ರೀತಿಸುತ್ತಾಳೆ. ಅಪ್ಪನ ಹಟಕ್ಕೆ ತಲಾಖ್ ಆಗುತ್ತದೆ. ಮತ್ತೆ ಆ ಗಂಡನನ್ನೇ ಸೇರಬೇಕಾದರೆ ಒಂದು ರಾತ್ರಿ ಇನ್ನೊಬ್ಬನ ಹೆಂಡತಿಯಾಗಬೇಕು ಎಂಬ ಷರತ್ತು ಬರುತ್ತದೆ. ಅವಳು ಮಸೀದಿಯ ಕೊಳಕ್ಕೆ ಇಳಿಯುತ್ತಾಳೆ. ಸುಪ್ರೀಂ ಕೋರ್ಟು ಒಂದೇ ಉಸಿರಿನ ತಲಾಖನ್ನು ರದ್ದು ಮಾಡಿದ್ದು 2017ರ ಆಗಸ್ಟಿನಲ್ಲಿ. ನ್ಯಾಯಮೂರ್ತಿಗಳು ಸಾರಾರನ್ನು ಓದಿ ತೀರ್ಪು ಬರೆದರು ಎಂದು ನಾನು ಹೇಳುವುದಿಲ್ಲ, ಅದು ಸುಳ್ಳಾಗುತ್ತದೆ. ಆದರೆ ಮೂರು ದಶಕ ಮೊದಲೇ ಕರಾವಳಿಯ ಹೆಂಗಸರು ತಮ್ಮ ಮನೆಯ ಸಂಗತಿಯನ್ನು ಅಚ್ಚಿನಲ್ಲಿ ನೋಡಿದರು. ಭಾವ ಆ ಪುಸ್ತಕವನ್ನು ಓದಲಿ, ಅಪ್ಪನ ಹಟವನ್ನು ನಮ್ಮ ಮನೆಗಳ ಹಟದ ಪಕ್ಕ ಇಟ್ಟು ನೋಡಲಿ. ಆಗ ಅದು ಬೇರೆಯವರ ಧರ್ಮದ ವಿಷಯವಾಗಿ ಉಳಿಯುವುದಿಲ್ಲ.

ಕಾಲೇಜಿನ ಯುವ ಉಪನ್ಯಾಸಕರು ಸುಮ್ಮನೆ ಕೇಳಿದ ಪ್ರಶ್ನೆಗೆ ಉತ್ತರ ಕಷ್ಟ. ಪುಸ್ತಕ ಒಳ್ಳೆಯದನ್ನು ಮಾಡುವಷ್ಟೇ ಕೆಟ್ಟದ್ದನ್ನೂ ಮಾಡುತ್ತದಲ್ಲ, ದ್ವೇಷ ಹರಡುವ ಪುಸ್ತಕಗಳಿಗೇ ಓದುಗರು ಹೆಚ್ಚಲ್ಲವೇ ಎಂದರು. ಹೌದು. ಮನುಷ್ಯರನ್ನು ಮೇಲು ಕೀಳು ಎಂದು ವಿಂಗಡಿಸಿ ಶತಮಾನಗಟ್ಟಲೆ ನಿಲ್ಲಿಸಿದ್ದರಲ್ಲೂ ಪುಸ್ತಕಗಳ ಕೈ ಇದೆ. ಹಾಗಾಗಿಯೇ 1927ರ ಡಿಸೆಂಬರ್ 25ರಂದು ಮಹಾಡಿನಲ್ಲಿ ಅಂಬೇಡ್ಕರ್ ಮತ್ತು ಸಂಗಡಿಗರು ಮನುಸ್ಮೃತಿಯನ್ನು ಸುಟ್ಟರು. ಅದೇ ಅಂಬೇಡ್ಕರ್ ಮುಂಬಯಿಯ ದಾದರಿನಲ್ಲಿ ರಾಜಗೃಹವನ್ನು ಕಟ್ಟಿಸುವಾಗ ತಮ್ಮ ಪುಸ್ತಕಗಳಿಗೆ ಜಾಗ ಬೇಕೆಂದೇ ಕಟ್ಟಿಸಿದರು. ಇವೆರಡನ್ನೂ ಒಬ್ಬನೇ ಮನುಷ್ಯ ಮಾಡಿದ. ಉಪನ್ಯಾಸಕರಿಗೆ ನನ್ನಲ್ಲಿ ಇದಕ್ಕಿಂತ ಒಳ್ಳೆಯ ಉತ್ತರವಿಲ್ಲ.

ಮೊಬೈಲಿದ್ದ ಮೇಲೆ ಪುಸ್ತಕ ಯಾಕೆ ಎಂದವನಿಗೆ ಉದ್ದದ ಉತ್ತರ ಬೇಡ. ಮೊಬೈಲಿನಲ್ಲೇ ಓದು, ಮಾರಾಯ, ನನ್ನ ಅಡ್ಡಿಯಿಲ್ಲ. ಆದರೆ ಚೋಮನ ಜೊತೆ ಕೊನೆಯ ಪುಟದವರೆಗೆ ಕೂತುಕೋ. ನಡುವೆ ಬರುವ ಮೆಸೇಜನ್ನು ಆಮೇಲೆ ನೋಡು.

ಕೊನೆಗೆ ಒಂದು ಮಾತು, ಎದುರಾಳಿಗಳಿಗಲ್ಲ, ಊರವರಿಗೆ. 1965ರ ಸಾರ್ವಜನಿಕ ಗ್ರಂಥಾಲಯ ಕಾನೂನಿನ ಪ್ರಕಾರ ನಾವು ಕಟ್ಟುವ ತೆರಿಗೆಯ ಮೇಲೆ ಗ್ರಂಥಾಲಯ ಕರವೂ ಸೇರಿರುತ್ತದೆ. ಅಂದರೆ ಆ ಕಪಾಟಿನ ಪುಸ್ತಕಕ್ಕೆ ನೀವು ಆಗಲೇ ದುಡ್ಡು ಕೊಟ್ಟಿದ್ದೀರಿ. ಭಾಷಣದ ದಿನ ನಾನು ನಮ್ಮ ವಾಚನಾಲಯದ 'ಚೋಮನ ದುಡಿ' ತೆಗೆದು ನೋಡಿದೆ. ಹಿಂಬದಿಯ ಚೀಟಿಯಲ್ಲಿ ಕೊನೆಯ ಮುದ್ರೆ ಬಿದ್ದು ಆರು ವರ್ಷವಾಗಿತ್ತು. 'ಚಂದ್ರಗಿರಿಯ ತೀರದಲ್ಲಿ' ಇರಲೇ ಇಲ್ಲ. ಮೇಜಿನ ಮೇಲೆ ಬೇಡಿಕೆ ಪುಸ್ತಕ ಎಂಬ ಉದ್ದನೆಯ ನೋಟುಬುಕ್ಕಿದೆ. ಅದರಲ್ಲಿ ಹೆಸರು ಬರೆದು ಸಹಿ ಹಾಕಿದರೆ ಮುಂದಿನ ಖರೀದಿಯಲ್ಲಿ ತರಿಸುತ್ತೇವೆ ಎಂದು ಮೇಲ್ವಿಚಾರಕಿ ಹೇಳಿದ್ದಾರೆ. ನಾನು ಬರೆದು ಬಂದಿದ್ದೇನೆ. ನನ್ನದೊಂದೇ ಸಹಿ ಇದೆ, ದಯವಿಟ್ಟು ಕೆಳಗೆ ನಿಮ್ಮದನ್ನೂ ಸೇರಿಸಿ.