ಕಾಡಿನಲ್ಲಿ ಸುಮ್ಮನೆ ಕೂರುವುದಕ್ಕೂ ದುಡ್ಡು

ಮಲೆನಾಡಿನ ಹೋಂಸ್ಟೇಗಳ ಜಾಹೀರಾತಿನಲ್ಲಿ ಟ್ರೆಕ್ಕಿಂಗ್, ಕ್ಯಾಂಪ್‌ಫೈರ್ ಜತೆಗೆ ಈಗ ‘ಫಾರೆಸ್ಟ್ ಬಾತಿಂಗ್’ ಕೂಡ ಸೇರಿಕೊಂಡಿದೆ. ಸ್ನಾನ ಅಂತ ಟವೆಲ್ ಹುಡುಕಬೇಡಿ, ಇದರಲ್ಲಿ ನೀರೇ ಇಲ್ಲ. ಮೊಬೈಲ್ ಒಳಗಿಟ್ಟು ಮರಗಳ ನಡುವೆ ನಿಧಾನಕ್ಕೆ ನಡೆಯೋದು, ಕೂರೋದು, ಹಕ್ಕಿ ಕೂಗು ಕೇಳೋದು. ಅಷ್ಟೇ. ‘ಇದಕ್ಕೂ ದುಡ್ಡು ಕೊಡ್ತಾರಾ’ ಅಂತ ನಮ್ಮೂರ ಕಟ್ಟೆ ಮೇಲೆ ನಗುತ್ತಾರೆ.

ನನಗೆ ನಗು ಬರುವುದಿಲ್ಲ. ದಿನವಿಡೀ ಟ್ರಾಫಿಕ್ಕು, ಸ್ಕ್ರೀನು ಅಂತ ಬೇಯುವವರಿಗೆ ಮರದ ನೆರಳು ಬೇಕೆನಿಸುವುದು ಸಹಜ. ಜಪಾನಿನ ಅರಣ್ಯ ಇಲಾಖೆ ಇದನ್ನು ಅರಿತೇ 1982ರಲ್ಲಿ ‘ಶಿನ್ರಿನ್ ಯೋಕು’ ಎಂದು ಹೆಸರಿಟ್ಟು ಜನರನ್ನು ಕಾಡಿಗೆ ಕರೆಯಿತು. ಆಮೇಲೆ ಚಿಂಗ್ ಲಿ ಎಂಬ ವೈದ್ಯರು ಮೂರು ದಿನ ಕಾಡು ಸುತ್ತಿದವರ ರಕ್ತ ಪರೀಕ್ಷಿಸಿದರು. ರೋಗದ ವಿರುದ್ಧ ಹೋರಾಡುವ ಒಂದು ಬಗೆಯ ಬಿಳಿ ರಕ್ತಕಣಗಳು ಚುರುಕಾಗಿದ್ದವು. ಆದರೆ ಆ ಮೊದಲ ಪರೀಕ್ಷೆಯಲ್ಲಿ ಇದ್ದವರು ಬರೀ 12 ಜನ. ಬಿಪಿ, ಶುಗರ್ ವಾಸಿಯಾಗುತ್ತದೆ ಅಂತ ಯಾರಾದರೂ ಪ್ಯಾಕೇಜ್ ಮಾರಿದರೆ ನಂಬಬೇಡಿ.

ಜಪಾನಿನಲ್ಲಿ ಇದು ಶುರುವಾದದ್ದು ಕಿಸೊ ಕಣಿವೆಯ ಅಕಸಾವಾ ಕಾಡಿನಲ್ಲಿ. ಹಿಂದೆ ಅರಸೊತ್ತಿಗೆಯ ಕಾಲದಲ್ಲಿ ಅಲ್ಲಿನ ಹಳ್ಳಿಗರು ಒಂದು ಮರ ಕಡಿದರೆ ಒಂದು ತಲೆ ಹೋಗುತ್ತಿತ್ತು ಎನ್ನುತ್ತಾರೆ. ಈಗ ಅದೇ ಕಾಡಿಗೆ ಪ್ರವಾಸಿಗರು ಪುಟ್ಟ ರೈಲಿನಲ್ಲಿ ಬರುತ್ತಾರೆ.

ನಮ್ಮಲ್ಲಿ ತಲೆ ತೆಗೆಯುವುದಿಲ್ಲ, ಸರಿ. ಆದರೆ ಸೀಗೆಕಾಯಿ ಮೂಟೆ ಹೊತ್ತ ಹೆಂಗಸನ್ನು ನಿಲ್ಲಿಸಿ ಪ್ರಶ್ನಿಸುವ ಚೆಕ್‌ಪೋಸ್ಟಿನಲ್ಲೇ ಅತಿಥಿಗಳ ಜೀಪು ಸಲೀಸಾಗಿ ದಾಟುವುದನ್ನು ನಾನೇ ನೋಡಿದ್ದೇನೆ. ಅರಣ್ಯ ಹಕ್ಕು ಕಾಯ್ದೆ ಬಂದದ್ದು 2006ರಲ್ಲಿ. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಗ್ರಾಮಸಭೆಗಳಿಗೆ ಸಮುದಾಯ ಹಕ್ಕು ಸಿಗಲು 2011 ಆಗಬೇಕಾಯಿತು. ಎಷ್ಟೋ ಊರುಗಳಲ್ಲಿ ಅರ್ಜಿಗಳು ಇನ್ನೂ ಫೈಲಿನಲ್ಲೇ ಇವೆ. ಕಾಡಿನಲ್ಲೇ ಹುಟ್ಟಿ ಬೆಳೆದವರು ಕಾಡಿಗೆ ಕಾಲಿಡಲು ಅರ್ಜಿ ಹಾಕಬೇಕು, ವಾರಾಂತ್ಯಕ್ಕೆ ಬಂದವರು ಗೂಗಲ್ ಪೇ ಮಾಡಿದರೆ ಸಾಕು!

ಹೋಂಸ್ಟೇ ನಡೆಸುವ ಅಣ್ಣಂದಿರಿಗೆ ಒಂದು ಮಾತು. ವ್ಯಾಪಾರ ಮಾಡಿ, ಬೇಡ ಅನ್ನುವುದಿಲ್ಲ. ಆದರೆ ಗೈಡ್ ಆಗಿ ಊರಿನವರನ್ನೇ ಇಟ್ಟುಕೊಳ್ಳಿ, ಹಾಸಿಗೆ ಬಟ್ಟೆ ಒಗೆಯುವುದಕ್ಕೆ ಮಾತ್ರ ಕರೆಯಬೇಡಿ. ಇದು ದಾಕ್ಷಿಣ್ಯದ ಮಾತಲ್ಲ. ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದು 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದನ್ನು ಹರಡುವ ಉಣುಗು ಬೇಸಿಗೆಯ ತಿಂಗಳುಗಳಲ್ಲಿ ಒಣಗಿದ ದರಗಿನಲ್ಲೇ ಇರುತ್ತದೆ. ಬೆಂಗಳೂರಿನಿಂದ ಬಂದ ಟ್ರೈನರ್ ಫೆಬ್ರವರಿಯಲ್ಲಿ ಅತಿಥಿಗಳನ್ನು ಅದೇ ದರಗಿನ ಮೇಲೆ ಮಲಗಿಸಿ ‘ಕಣ್ಣು ಮುಚ್ಚಿ, ಉಸಿರು ಎಳೆದುಕೊಳ್ಳಿ’ ಅನ್ನುತ್ತಾರೆ. ಮಂಗ ಸತ್ತ ಕಡೆ ಹೋಗಬಾರದು, ಇಲ್ಲಿ ಕೂರಬಾರದು ಅಂತ ಹೇಳಲು ನಮ್ಮೂರಿನ ಯಾವ ಅಜ್ಜಿಯಾದರೂ ಸಾಕು. ಅವರಿಗೆ ಒಂದು ದಿನದ ಸಂಬಳ ಎಷ್ಟು ಕೊಡುತ್ತೀರಿ, ಮೊದಲು ಅದನ್ನು ಬೋರ್ಡಿನಲ್ಲಿ ಬರೆಯಿರಿ.